ಹಿಮದ ಬಿಳುಪೂ ಅದರ ಪ್ರಮಾಣವೂ

ವಾಯುಗುಣಶಾಸ್ತ್ರಜ್ಞರ ಬರಹಗಳಲ್ಲಿ ‘ಆಲ್ಬಿಡೊ’ ಎಂಬ ಒಂದು ಶಬ್ದವು ಹೆಜ್ಜೆಹೆಜ್ಜೆಗೂ ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಆಲ್ಬಸ್’ ಎಂದರೆ ಬಿಳಿಯದು. ಅದರ ಭಾವವಾಚಕವೇ ‘ಆಲ್ಬಿಡೊ’, ಎಂದರೆ ಬಿಳುಪು, ಧಾವಲ್ಯ. ಲ್ಯಾಂಬರ್ಟನೆಂಬ ಗಣಿತಜ್ಞನು 1760ರಲ್ಲಿ ಪ್ರಕಟಿಸಿದ ‘ಫೋಟೊಮೆಟ್ರಿಯ’ ಎಂಬ ಗ್ರಂಥದಲ್ಲಿ ಈ ಪದವನ್ನು ಶಾಸ್ತ್ರಾರ್ಥದಲ್ಲಿ ಬಳಸಿದನು. ಒಂದು ಮೈಯ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನೆಯ ಪಾಲು ಹಿಂದಕ್ಕೆ ಹೊರಳುತ್ತದೆಯೋ ಆ ಪಾಲಿಗೆ ಈ ಹೆಸರು. ಬಿದ್ದುದೆಲ್ಲವೂ ಹಿಂದಿರುಗಿದರೆ ಅದು 1. ಏನೂ ಹಿಂದಿರುಗದಿದ್ದರೆ ಸೊನ್ನೆ. ಹೀಗಿರಲಾಗಿ ಇದಕ್ಕೆ ಕನ್ನಡದಲ್ಲಿ ‘ಧಾವಲ್ಯಾಂಕ’ವೆಂದು ಹೆಸರಿಡೋಣವೆಂದು ಯಾರಿಗಾದರೂ ತೋರುವುದು ಸಹಜವೇ. ಶಬ್ದವೇನೋ ಕಿವಿಗೆ ಇಂಪಾಗಿದೆ. ಆದರೆ ಲಕ್ಷ್ಯವನ್ನು ಪರೀಕ್ಷಿಸದೆ ಲಕ್ಷಣವನ್ನು ಹೇಳತಕ್ಕದ್ದಲ್ಲ. ಹಿಮದ ವಿಷಯದಲ್ಲಿ ಈ ಪಾಲನ್ನು ಅಳೆಯುವ ಬಗೆ ಯಾವುದು, ಅಳೆದುದರಿಂದ ಫಲವೇನು ಎಂಬುದನ್ನು ಮೊದಲು ತಿಳಿದುಕೊಂಡರೆ ಹೆಸರಿನ ಸಂಗತಿ ತಾನಾಗಿಯೇ ತೀರ್ಮಾನಕ್ಕೆ ಬರುವುದು.

ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲಂತೆ ಶುಕ್ಲರೂಪವು ಎರಡು ಬಗೆ: ತೇಜಸ್ಸಿನದು ಭಾಸ್ವರ, ಜಲದ್ದು ಅಭಾಸ್ವರ. ಹಿಮವು ಜಲದ ವಿಕಾರವಾದುದರಿಂದ ಅದು ತಾನಾಗಿ ಬೆಳಗತಕ್ಕುದಲ್ಲ. ಬೆಳಗುವಂತೆ ಕಾಣುವುದೆಲ್ಲ ಸೂರ್ಯನಿಂದ ಎರವಲು ಪಡೆದುದು. ಇದು ಇಂದಿನ ಶಾಸ್ತ್ರಕ್ಕೂ ಸಮ್ಮತವೇ. ಆದರೆ ನೀರಿನ ಸಹಜರೂಪವೇ ಬಿಳುಪೆಂಬ ಮಾತನ್ನು ಮಾತ್ರ ಇಂದಿನವರು ಒಪ್ಪುವುದಿಲ್ಲ. ಮಂಜುಗಡ್ಡೆಯ ಒಂದು ಹರಳನ್ನು ಒಂಟಿಯಾಗಿ ನೋಡಿದರೆ ಅದು ಗಾಜಿನಂತೆ ಪಾರದರ್ಶಕವಾಗಿಯೇ ಇರುತ್ತದೆ; ಅದರಲ್ಲಿ ಬಿಳುಪೆಂಬುದೇ ಇಲ್ಲ. ಹಾಗಾದರೆ ಅಂಥ ಹರಳುಗಳ ರಾಶಿ ಬೆಳ್ಳಗಿರುವುದೇಕೆ? ಕಲ್ಲುಸಕ್ಕರೆಯ ದೃಷ್ಟಾಂತವೊಂದೇ ಸಾಕು. ಇಡಿಯ ಹರಳು ತಿಳಿಯಾಗಿರುತ್ತದೆ. ಕುಟ್ಟಿ ಪುಡಿಮಾಡಿದೊಡನೆ ಬೆಳ್ಳಗಾಗುತ್ತದೆ. ಹೊರಗಿನಿಂದ ಯಾವ ಬಣ್ಣವೂ ಬಂದು ಸೇರಲಿಲ್ಲ. ಹೆಚ್ಚಿದ್ದು ಮೇಲ್ಮೈಗಳ ಸಂಖ್ಯೆ ಮಾತ್ರ. ಗಾಳಿಯಿಂದ ಹರಳಿಗೂ ಹರಳಿನಿಂದ ಗಾಳಿಗೂ ದಾಟುವ ಪ್ರತಿಯೊಂದು ಎಡೆಯಲ್ಲಿಯೂ ಬೆಳಕಿನ ದಾರಿ ತುಸು ಬಾಗುತ್ತದೆ, ತುಸು ಹಿಂದಿರುಗುತ್ತದೆ. ಹೀಗೆ ನೂರಾರು ಹರಳುಗಳಲ್ಲಿ ಅಲೆದು ಅಲೆದು ಕಡೆಗೆ ಬಂದ ಕಡೆಗೇ ಹೊರಬೀಳುತ್ತದೆ. ನಡುವೆ ಅದನ್ನು ನುಂಗುವವರಾರೂ ಇಲ್ಲದಿರುವುದರಿಂದ ಎಲ್ಲ ಬಣ್ಣಗಳೂ ಸಮನಾಗಿ ಮರಳಿಬರುತ್ತವೆ. ಎಲ್ಲ ಬಣ್ಣಗಳೂ ಕೂಡಿದುದೇ ಬಿಳುಪಲ್ಲವೆ?

ಕೀರ್ತಿಗೂ ಹಾಸಕ್ಕೂ ಬಿಳುಪನ್ನು ಆರೋಪಿಸುವುದು ಕವಿಸಮಯವೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಎಣಿಸಿದ್ದಾನೆ. ಹಿಮದ ಬಿಳುಪು ಕವಿಸಮಯವಲ್ಲ, ಲೋಕಪ್ರಸಿದ್ಧವಾದುದು. ಆದರೂ ಅದು ಹರಳಿನ ಗುಣವಲ್ಲ, ಹರಳುಗಳ ಸಮೂಹದ ಗುಣ ಎಂಬಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನದೆಲ್ಲವೂ ಇದರ ಮೇಲೆ ನಿಂತಿದೆ. (ನಮ್ಮ ನುಡಿಯಲ್ಲಿ ‘ಮಂಜು’ ಎಂಬ ಒಂದೇ ಮಾತು ಇಬ್ಬನಿಗೂ ಕಾವಳಕ್ಕೂ ಬೆಟ್ಟದ ಮೇಲಣ ಹಿಮಕ್ಕೂ ಸಲ್ಲುವುದರಿಂದ, ಈ ಲೇಖನದಲ್ಲಿ ಹರಳುಹರಳಾಗಿ ಬಿದ್ದುದನ್ನು ಹಿಮವೆಂದೂ ಘನವಾಗಿ ಗಟ್ಟಿಕಟ್ಟಿದುದನ್ನು ಮಂಜುಗಡ್ಡೆಯೆಂದೂ ಕರೆದಿದ್ದೇನೆ.)

ಹೊಸದಾಗಿ ಬಿದ್ದ ಒಣಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಹಿಂದಿರುಗಿಸುತ್ತದೆ. ಹಳತಾಗಿ ಕರಗುತ್ತಿರುವ ಹಿಮದಲ್ಲಿ ಇದು 50–60ಕ್ಕೆ ಇಳಿಯುತ್ತದೆ; ಹಿಮನದಿಯ ಬರಿಯ ಮಂಜುಗಡ್ಡೆಯಲ್ಲಿ 30–40 ಇದ್ದೀತು. ಬಯಲಾದ ಕಡಲಿನ ನೀರು ಹಿಂದಿರುಗಿಸುವುದು ಸುಮಾರು 6 ಮಾತ್ರ. ಇಡಿಯ ಭೂಮಂಡಲಕ್ಕೆ, ಮೋಡಗಳನ್ನೂ ಸೇರಿಸಿಕೊಂಡು, ನೂರಕ್ಕೆ ಸುಮಾರು 30 ಎಂದು ಉಪಗ್ರಹಗಳಿಂದ ಲೆಕ್ಕ ಮಾಡಿದ್ದಾರೆ.

ಇಲ್ಲಿ ಒಂದು ಪೂರ್ವಪಕ್ಷ ಹುಟ್ಟುತ್ತದೆ. ನಾಲ್ಕು ದಿನ ಹಳತಾದ ಹಿಮವೂ ಇಂದು ಬೆಳಿಗ್ಗೆ ಬಿದ್ದ ಹಿಮವೂ ನೋಡುವವನ ಕಣ್ಣಿಗೆ ಒಂದೇ ಬಿಳುಪಾಗಿರುವಾಗ ಈ ಅಂಕಗಳ ವ್ಯತ್ಯಾಸ ಎಲ್ಲಿಂದ ಬಂತು? ಪ್ರತ್ಯಕ್ಷವು ಪ್ರಮಾಣವಲ್ಲವೆ? ಇದಕ್ಕೆ ಸಮಾಧಾನವಿದು. ನೆಲಕ್ಕೆ ಮುಟ್ಟುವ ಸೂರ್ಯನ ಶಕ್ತಿಯಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಾತ್ರ ಕಣ್ಣಿಗೆ ಕಾಣುವ ಬೆಳಕು. ಉಳಿದುದರಲ್ಲಿ ಬಹುಪಾಲು ಕೆಂಪಿನಿಂದಾಚೆಯ ಅವರಕ್ತ ಕಿರಣ. ಕಾಣುವ ಬೆಳಕನ್ನು ಮಂಜಿನ ಹರಳು ನುಂಗುವುದೇ ಇಲ್ಲವೆನ್ನಬಹುದು; ಆದರೆ ಅವರಕ್ತವನ್ನು ಅದು ನುಂಗುತ್ತದೆ. ಹರಳು ದೊಡ್ಡದಾದಷ್ಟೂ ಕಿರಣವು ಅದರೊಳಗೆ ನಡೆಯಬೇಕಾದ ದಾರಿ ಉದ್ದವಾಗುತ್ತದೆ, ಹೊರಬೀಳುವ ಬಾಗಿಲುಗಳು ವಿರಳವಾಗುತ್ತವೆ. ನುಂಗಿಹೋಗುವ ಪಾಲು ಹೆಚ್ಚುತ್ತದೆ. ಹೊಸಹಿಮದ ಕಣದ ತ್ರಿಜ್ಯ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಅಥವಾ ಅದಕ್ಕೂ ಕಡಮೆ; ದಿನ ಕಳೆದಂತೆ ಸಣ್ಣ ಕಣಗಳು ಕ್ಷಯಿಸಿ ದೊಡ್ಡವುಗಳಲ್ಲಿ ಸೇರಿಕೊಂಡು, ಕರಗುವ ಕಾಲಕ್ಕೆ ಅದು ಒಂದು ಮಿಲಿಮೀಟರಿನವರೆಗೆ ಬೆಳೆಯುತ್ತದೆ. ಕರಗಿದ ನೀರು ಕಣಗಳ ಸಂದಿನಲ್ಲಿ ನಿಂತರೂ ಪರಿಣಾಮ ಇದೇ: ನೀರಿಗೂ ಮಂಜುಗಡ್ಡೆಗೂ ಬೆಳಕನ್ನು ಬಾಗಿಸುವ ಶಕ್ತಿ ಹೆಚ್ಚುಕಡಮೆ ಸಮಾನವಾದುದರಿಂದ ನಾಲ್ಕಾರು ಕಣಗಳು ಕೂಡಿ ಒಂದು ದೊಡ್ಡ ಕಣದಂತೆ ವರ್ತಿಸುತ್ತವೆ. ಈ ವ್ಯಾಪಾರವನ್ನು ಗಣಿತಮುಖದಿಂದ ವಿವರಿಸಿದವರು ವಿಸ್ಕೋಂಬ್ ಮತ್ತು ವಾರೆನ್ ಎಂಬ ಇಬ್ಬರು. ಅವರ ಎರಡು ಪ್ರಬಂಧಗಳು 1980ರಲ್ಲಿ ಹೊರಬಂದುವು.

ಹೀಗೆ ಹಿಮವು ಮುದಿಯಾಗುವುದು ಮೊದಲು ಕಣ್ಣಿಗೆ ಕಾಣದ ಬೆಳಕಿನಲ್ಲಿ. ಅವರಕ್ತದಿಂದಲೂ ಬಹುದೂರ ಆಚೆಗೆ, ಭೂಮಿಯೂ ಹಿಮವೂ ತಾವೇ ಹೊರಸೂಸುವ ಉಷ್ಣಕಿರಣಗಳವರೆಗೆ ಹೋದರಂತೂ ಹಿಮವು ಬಿಳಿಯದೇ ಅಲ್ಲ, ಕಾಡಿಗೆಯಷ್ಟೇ ಕಪ್ಪು: ಆ ಕಿರಣಗಳಲ್ಲಿ ನೂರಕ್ಕೆ 98ರಷ್ಟನ್ನು ಅದು ನುಂಗಿಬಿಡುತ್ತದೆ. ಆದುದರಿಂದ ‘ಧಾವಲ್ಯಾಂಕ’ವೆಂಬ ಹೆಸರಿಗೆ ಅವ್ಯಾಪ್ತಿದೋಷ ತಪ್ಪದು. ಧಾವಲ್ಯವು ಚಕ್ಷುರ್ಗ್ರಾಹ್ಯವಾದ ಗುಣ. ಇಲ್ಲಿ ಅಳೆಯಬೇಕಾದುದರ ಅರ್ಧವು ಚಕ್ಷುಸ್ಸಿಗೆ ಗೋಚರವೇ ಅಲ್ಲ. ‘ಪ್ರತಿಫಲನಾಂಕ’ವೆಂಬುದು ಮೇಲೆಂದು ನನ್ನ ಅಭಿಪ್ರಾಯ. ಕನ್ನಡಿಯಲ್ಲಿ ಮುಖ ಮೂಡುವುದಕ್ಕಲ್ಲವೆ ಪ್ರತಿಫಲನವೆಂದು ಹೆಸರು, ಹಿಮದಲ್ಲಿ ಯಾವ ಬಿಂಬವೂ ಮೂಡುವುದಿಲ್ಲವಲ್ಲ, ಎಂದು ಆಕ್ಷೇಪಿಸಿದರೆ, ರೂಢಿಯಿಂದ ಆ ಪದದ ಅರ್ಥ ಹಿಗ್ಗಿದೆಯೆಂದು ಉತ್ತರ ಹೇಳಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ಶಬ್ದವನ್ನು ಬಲ್ಲವರು ಸೂಚಿಸಿದರೆ ಸಂತೋಷವೇ.

ಇನ್ನು ಅಳೆಯುವ ಕ್ರಮ. ಮುಖ್ಯವಾದ ಉಪಕರಣವು ಸೌರವಿಕಿರಣಮಾಪಕ; ಇದನ್ನು ಪೈರಾನೊಮೀಟರ್ ಎನ್ನುತ್ತಾರೆ. ಎರಡು ಪದರದ ಗಾಜಿನ ಅರ್ಧಗೋಳದ ಕೆಳಗೆ ಕಪ್ಪು ಬಳಿದ ಒಂದು ಚಿಕ್ಕ ಬಿಲ್ಲೆ. ಬಿಸಿಲು ತಾಗಿ ಬಿಲ್ಲೆ ಕಾಯುತ್ತದೆ. ಉಪಕರಣದ ಒಡಲು ತಣ್ಣಗೇ ಇರುತ್ತದೆ. ಎರಡು ಜಾತಿಯ ಲೋಹದ ತಂತಿಗಳನ್ನು ಬೆಸೆದು, ಒಂದು ಬೆಸುಗೆಯನ್ನು ಬಿಸಿಯಲ್ಲಿಯೂ ಇನ್ನೊಂದನ್ನು ತಂಪಿನಲ್ಲಿಯೂ ಇಟ್ಟರೆ ಅಲ್ಪವಾದ ವಿದ್ಯುತ್ತು ಹುಟ್ಟುತ್ತದೆಯಷ್ಟೆ. ಅಂಥ ಬೆಸುಗೆಗಳ ಸಾಲನ್ನು ಬಿಲ್ಲೆಗೂ ಒಡಲಿಗೂ ನಡುವೆ ಜೋಡಿಸಿರುತ್ತಾರೆ. ಒಂದು ಚದರ ಮೀಟರಿಗೆ 1000 ವಾಟಿನಷ್ಟು ಬಿಸಿಲು ಬಿದ್ದಾಗ ಹುಟ್ಟುವ ವಿದ್ಯುತ್ತು ಸುಮಾರು 10 ಮಿಲಿವೋಲ್ಟು. ತರಂಗದೈರ್ಘ್ಯದಲ್ಲಿ 0.3ರಿಂದ 2.8 ಮೈಕ್ರೋಮೀಟರಿನವರೆಗಿನ ಕಿರಣಗಳನ್ನೆಲ್ಲ ಇದು ಒಟ್ಟಾಗಿ ಗ್ರಹಿಸುತ್ತದೆ. ಕಾಣುವುದು ಕಾಣದುದು ಎಂಬ ಭೇದ ಅದಕ್ಕಿಲ್ಲ. ಇಂಥ ಎರಡನ್ನು ಬೆನ್ನಿಗೆ ಬೆನ್ನು ಕೂಡಿಸಿ, ಒಂದು ಆಕಾಶವನ್ನೂ ಒಂದು ಹಿಮವನ್ನೂ ನೋಡುವಂತೆ, ಕಂಬದಿಂದ ಚಾಚಿದ ತೋಳಿನ ತುದಿಯಲ್ಲಿ ನಿಲ್ಲಿಸುತ್ತಾರೆ. ಮೇಲಿನದು ಬಂದುದನ್ನು ಹೇಳುತ್ತದೆ, ಕೆಳಗಿನದು ಹಿಂದಿರುಗಿದುದನ್ನು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಪ್ರತಿಫಲನಾಂಕ.

ಇಷ್ಟು ಸುಲಭವಾದರೆ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಉಪಕರಣವು ಹಿಮದಿಂದ 2 ಮೀಟರ್ ಎತ್ತರದಲ್ಲಿದೆಯೆನ್ನೋಣ. ಅದಕ್ಕೆ ಬರುವ ಬೆಳಕಿನಲ್ಲಿ ನೂರಕ್ಕೆ 90 ಪಾಲು ಕೆಳಗಿನ 6 ಮೀಟರ್ ತ್ರಿಜ್ಯದ ವೃತ್ತದಿಂದಲೂ, 99 ಪಾಲು 20 ಮೀಟರ್ ತ್ರಿಜ್ಯದ ವೃತ್ತದಿಂದಲೂ ಬರುತ್ತದೆ. ಒಂದು ಮೀಟರ್ ಹಿಮ ಬಿದ್ದು ನೆಲವೇ ಮೇಲಕ್ಕೆ ಬಂದರೆ ಆ ವೃತ್ತದ ತ್ರಿಜ್ಯವು ಅರ್ಧಕ್ಕೆ ಕುಗ್ಗುತ್ತದೆ. ಮೊನ್ನೆ ನೋಡಿದ ಬಯಲೇ ಬೇರೆ, ಇಂದು ನೋಡುವ ಬಯಲೇ ಬೇರೆ. ಕಂಬದ ನೆರಳು ವೃತ್ತದೊಳಗೆ ಬೀಳಬಾರದು. ನೋಡಹೋದವನ ಹೆಜ್ಜೆಯ ಗುರುತೂ ಅಲ್ಲಿ ಮೂಡಬಾರದು. ರಾತ್ರಿ ಹಿಮ ಬಿದ್ದು ಮೇಲಿನ ಗಾಜನ್ನು ಮುಚ್ಚಿತೆಂದರೆ ಬೆಳಿಗ್ಗೆ ಮೇಲಿನ ಉಪಕರಣ ಅರೆಗುರುಡು, ಕೆಳಗಿನದು ನೆಟ್ಟಗಿರುತ್ತದೆ. ಆಗ ಬಂದುದಕ್ಕಿಂತ ಹಿಂದಿರುಗಿದುದೇ ಹೆಚ್ಚೆಂದು ಲೆಕ್ಕ ಬರುತ್ತದೆ! ಸಾಲಕೊಟ್ಟವನಿಗೆ ಕೊಟ್ಟುದಕ್ಕಿಂತ ಅಸಲೇ ಹೆಚ್ಚಾಗಿ ಮರಳಿದಂತೆ. ಇದನ್ನು ತಪ್ಪಿಸಲು ಗಾಜಿನ ಮೇಲೆ ಗಾಳಿಯಾಡಿಸುವ, ತುಸು ಬಿಸಿಮಾಡುವ ಏರ್ಪಾಡುಗಳುಂಟು. ಇನ್ನು ಹಿಮಾಲಯದಂಥ ಕಡೆ ನೆಲ ಸಮತಟ್ಟಾಗಿರುವುದೇ ಅಪರೂಪ. ಇಳಿಜಾರಿನ ಮೇಲೆ ಉಪಕರಣವನ್ನು ಮಟ್ಟವಾಗಿ ನಿಲ್ಲಿಸಿದರೆ, ಬಿಸಿಲು ಇಳಿಜಾರಿಗೆ ಒಂದು ಕೋನದಲ್ಲಿಯೂ ಉಪಕರಣಕ್ಕೆ ಇನ್ನೊಂದು ಕೋನದಲ್ಲಿಯೂ ಬೀಳುವುದರಿಂದ, ಹಿಮ ಬದಲಾಗದಿದ್ದರೂ ಬೆಳಿಗ್ಗೆ ಒಂದು ಅಂಕ ಸಂಜೆ ಒಂದು ಅಂಕ ಬರುತ್ತದೆ. ಇದನ್ನು ಲೆಕ್ಕದಿಂದ ತಿದ್ದಬೇಕು. ಆದರೆ ಎಲ್ಲ ಏರುಪೇರೂ ದೋಷವಲ್ಲವೆಂಬುದನ್ನೂ ಹೇಳಬೇಕು: ಸೂರ್ಯನು ಕೆಳಗಿಳಿದಾಗ ಓರೆಯಾಗಿ ಬಿದ್ದ ಕಿರಣವು ಹಿಮದೊಳಕ್ಕೆ ಆಳವಾಗಿ ಹೋಗದೆ ಬೇಗ ಹೊರಬೀಳುವುದರಿಂದ ಪ್ರತಿಫಲನಾಂಕ ನಿಜವಾಗಿಯೂ ಏರುತ್ತದೆ. ಮೋಡ ಕವಿದಾಗಲೂ ಏರುತ್ತದೆ. ಅವರಕ್ತವನ್ನು ಮೋಡವೇ ಮೊದಲು ನುಂಗಿ, ಹಿಮಕ್ಕೆ ಒಗ್ಗುವ ಬೆಳಕನ್ನಷ್ಟೇ ಕೆಳಗೆ ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ವಿಷಯದ ಮರ್ಮವೂ ಅದರಲ್ಲಿಯೇ ಅಡಗಿದೆ. ನಮಗೆ ಬೇಕಾದುದು ಹಿಂದಿರುಗಿದ ಬೆಳಕಲ್ಲ, ಹಿಂದಿರುಗದೆ ಉಳಿದುದು. ಏಕೆಂದರೆ ಹಿಮವನ್ನು ಕರಗಿಸುವುದು ಅದೇ. 1000 ವಾಟು ಬಂದು 900 ಹಿಂದಿರುಗಿತೆಂದರೆ ಉಳಿದುದು 100. ಪ್ರತಿಯೊಂದು ಅಳತೆಯಲ್ಲಿಯೂ ನೂರಕ್ಕೆ 3ರಷ್ಟು ದೋಷವಿದ್ದು, ಅವೆರಡೂ ಎದುರುಬದುರು ದಿಕ್ಕಿಗೆ ಬಿದ್ದರೆ, 30ಕ್ಕೆ 27 ಸೇರಿ 57 ವಾಟು ತಪ್ಪುತ್ತದೆ. ನೂರರಲ್ಲಿ ಐವತ್ತೇಳು! ಎರಡು ದೊಡ್ಡ ಮೊತ್ತಗಳನ್ನು ಕಳೆದು ಸಣ್ಣದೊಂದು ಶೇಷವನ್ನು ಪಡೆಯುವಾಗ ದೊಡ್ಡವುಗಳ ಅಲ್ಪದೋಷವೂ ಶೇಷಕ್ಕೆ ಮಹಾದೋಷವಾಗುವುದು. ಆದುದರಿಂದಲೇ ಎರಡು ಉಪಕರಣಗಳನ್ನೂ ಒಂದನ್ನೊಂದರೊಡನೆ ಹೋಲಿಸಿ ಸರಿಪಡಿಸುವುದರಲ್ಲಿ ಅಷ್ಟೊಂದು ಶ್ರಮವಹಿಸುತ್ತಾರೆ. ಪ್ರತಿಫಲನಾಂಕ 0.90ರಿಂದ 0.80ಕ್ಕೆ ಇಳಿಯಿತೆಂದು ಕೇಳಿದವನಿಗೆ ಒಂಬತ್ತರಲ್ಲೊಂದು ಪಾಲು ಕಡಮೆಯಾಯಿತೆಂದು ತೋರುತ್ತದೆ. ಹಿಮದ ಪಾಲಿಗಾದರೋ ಅದು ನುಂಗುವ ಶಕ್ತಿ ಒಂದಕ್ಕೆ ಎರಡಾಯಿತು.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಹಗಲೂ ರಾತ್ರಿಯೂ ಸೇರಿ ಸರಾಸರಿ ಚದರ ಮೀಟರಿಗೆ 250 ವಾಟು ಬಿಸಿಲೆಂದರೆ ದಿನಕ್ಕೆ 2 ಕೋಟಿ 16 ಲಕ್ಷ ಜೂಲು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋಗ್ರಾಂ ಹಿಮವನ್ನು ಕರಗಿಸಲು 3 ಲಕ್ಷ 34 ಸಾವಿರ ಜೂಲು ಬೇಕು. ಬೇರೆ ಲಾಭನಷ್ಟಗಳನ್ನು ಬಿಟ್ಟು ಎಣಿಸಿದರೆ, ಪ್ರತಿಫಲನಾಂಕ 0.85 ಇದ್ದಾಗ ಚದರ ಮೀಟರಿಗೆ ಸುಮಾರು 10 ಕಿಲೋಗ್ರಾಂ ಕರಗುತ್ತದೆ, 0.65 ಇದ್ದಾಗ 22 ಕಿಲೋಗ್ರಾಮಿಗೂ ಹೆಚ್ಚು. ಬಿಸಿಲು ಅದೇ, ಗಾಳಿ ಅದೇ. ನೀರು ಮಾತ್ರ ಇಮ್ಮಡಿಗಿಂತ ಹೆಚ್ಚು.

ಪ್ರತಿಫಲನಾಂಕವನ್ನು ಹೀಗೆ ಇಳಿಸುವುದು ಮುಪ್ಪೊಂದೇ ಅಲ್ಲ, ಮಾಲಿನ್ಯವೂ ಉಂಟು. ಕಾಣುವ ಬೆಳಕು ಹಿಮದೊಳಗೆ ನೂರಾರು ಕಣಗಳನ್ನು ದಾಟುತ್ತದೆಂದು ಮೊದಲೇ ಹೇಳಿದೆವು. ಆ ದೀರ್ಘಯಾತ್ರೆಯಲ್ಲಿ ಎಲ್ಲಿಯಾದರೂ ಒಂದು ಮಸಿಯ ಕಣ ಎದುರಾದರೆ ಅಲ್ಲಿಗೆ ಯಾತ್ರೆ ಮುಗಿಯಿತು. ಆದುದರಿಂದ ತೂಕದಲ್ಲಿ ಕೋಟಿಗೆ ಒಂದು ಭಾಗ ಮಸಿ ಬೆರೆತರೂ ಹಿಮದ ಪ್ರತಿಫಲನ ಅಳತೆಗೆ ಸಿಗುವಷ್ಟು ಕುಂದುತ್ತದೆ. ಕಣ್ಣಿಗೆ ಮಾತ್ರ ಅದು ಇನ್ನೂ ಶುಭ್ರವೇ. ಹಿಮವನ್ನು ಕರಗಿಸಿ ಆ ನೀರನ್ನು ಶೋಧಕದಲ್ಲಿ ಸೋಸಿ, ಶೋಧಕವು ಎಷ್ಟು ಕಪ್ಪಾಯಿತೆಂದು ನೋಡಿ ಮಸಿಯನ್ನು ಗಣಿಸುತ್ತಾರೆ. ಉತ್ತರಧ್ರುವಪ್ರದೇಶದ ಹಿಮದಲ್ಲಿ ಮಸಿಯಿರುವುದನ್ನು ಕ್ಲಾರ್ಕ್ ಮತ್ತು ನೂನ್ ಎಂಬವರು 1985ರಲ್ಲಿ ಹೀಗೆಯೇ ತೋರಿಸಿದರು. ಹಿಮಾಲಯಕ್ಕೆ ಗಂಗಾತೀರದ ಬಯಲಿನ ಹೊಗೆ ಹತ್ತಿರದ ನೆಂಟ: ಸೌದೆಬೆರಣಿಗಳ ಒಲೆ, ಇಟ್ಟಿಗೆಯ ಗೂಡು, ಡೀಸೆಲ್ ಎಂಜಿನ್, ಸುಟ್ಟ ಕೂಳೆ, ಇವೆಲ್ಲದರ ಮಸಿಯಲ್ಲಿ ಒಂದಂಶ ಗಾಳಿಯೊಡನೆ ಬೆಟ್ಟವನ್ನೇರುತ್ತದೆ. ಮರುಭೂಮಿಯ ಧೂಳೂ ಜೊತೆಗೂಡುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಧೂಳಿನ ಶಕ್ತಿ ಮಸಿಗಿಂತ ಬಹಳ ಕಡಮೆ, ಆದರೆ ಬೀಳುವ ಮೊತ್ತ ಹೆಚ್ಚು.

ಸಾವಿರಾರು ಮೈಲಿ ಹಿಮಕ್ಕೆ ಕಂಬ ನೆಡುವುದು ಆಗದ ಮಾತು. ಅದಕ್ಕೆ ಉಪಗ್ರಹಗಳೇ ಗತಿ. ಬಾನಿನಿಂದ ನೋಡಿದಾಗ ಹಿಮವೂ ಬೆಳ್ಳಗೆ, ಮೋಡವೂ ಬೆಳ್ಳಗೆ, ವಿವೇಕ ಹೇಗೆ? ಹಂಸಕ್ಷೀರನ್ಯಾಯದಂತೆ ಇಲ್ಲಿಯೂ ಒಂದು ಉಪಾಯವುಂಟು. 1.6 ಮೈಕ್ರೋಮೀಟರಿನ ಅವರಕ್ತದಲ್ಲಿ ಮೋಡ ಬೆಳ್ಳಗೇ ಉಳಿಯುತ್ತದೆ, ಹಿಮ ಕಪ್ಪಾಗುತ್ತದೆ. ಹಸುರು ಬೆಳಕಿನ ಮತ್ತು ಈ ಅವರಕ್ತದ ಪ್ರತಿಫಲನಗಳ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದ ಲಬ್ಧವು 0.4ಕ್ಕೆ ಮೀರಿದರೆ ಹಿಮವೆಂದು ಗಣಿಸುವುದು ವಾಡಿಕೆ. 1999ರ ಡಿಸೆಂಬರಿನಲ್ಲಿ ಹಾರಿಸಿದ ಟೆರಾ ಉಪಗ್ರಹದಲ್ಲಿಯೂ 2002ರಲ್ಲಿ ಹಾರಿಸಿದ ಆಕ್ವಾದಲ್ಲಿಯೂ ಇದ್ದ ಮೋಡಿಸ್ ಎಂಬ ಉಪಕರಣದಿಂದ ಲೋಕದ ಹಿಮದ ಲೆಕ್ಕವು ದಿನದಿನವೂ ದೊರೆಯುವಂತಾಯಿತು. ಆದರೆ ಉಪಗ್ರಹವು ಒಂದು ಕಡೆಯಿಂದ, ಕೆಲವೇ ಬಣ್ಣಗಳಲ್ಲಿ, ವಾತಾವರಣದ ತೆರೆಯ ಮೂಲಕ ನೋಡುತ್ತದೆ. ದೇವದಾರುಗಳ ಕೆಳಗೆ ಬಿದ್ದ ಹಿಮ ಅದಕ್ಕೆ ಕಾಣುವುದೇ ಇಲ್ಲ. ಹೀಗಾಗಿ ನೆಲದ ಕಂಬದ ಸಾಕ್ಷ್ಯವಿಲ್ಲದೆ ಅದರ ಮಾತು ಪೂರ್ತಿ ನಿಲ್ಲದು.

ವಾಯುಗುಣಕ್ಕೆ ಇದರಿಂದ ಏನಾಗುತ್ತದೆ? ಹಿಮ ಕರಗಿದರೆ ಕಪ್ಪು ನೆಲವೋ ಕಪ್ಪು ನೀರೋ ಬಯಲಾಗುತ್ತದೆ. ಅದು ಹೆಚ್ಚು ಬಿಸಿಲನ್ನು ನುಂಗುತ್ತದೆ. ಅದರಿಂದ ಸುತ್ತಣ ಗಾಳಿ ಕಾದು ಇನ್ನಷ್ಟು ಹಿಮ ಕರಗುತ್ತದೆ. ಇದು ಅನ್ಯೋನ್ಯಾಶ್ರಯವಲ್ಲವೆ, ಎಂದರೆ ದೋಷವಲ್ಲವೆ, ಎಂದು ನೈಯಾಯಿಕನು ಕೇಳಿಯಾನು. ಅನ್ಯೋನ್ಯಾಶ್ರಯವು ವಾದದಲ್ಲಿ ದೋಷ. ಪ್ರಕೃತಿಯಲ್ಲಿ ಬೀಜಾಂಕುರನ್ಯಾಯದಿಂದ ಪೂರ್ವಪೂರ್ವವು ಉತ್ತರೋತ್ತರಕ್ಕೆ ಕಾರಣವಾಗುತ್ತ ಹೋಗುವುದರಿಂದ ಬಾಧಕವಿಲ್ಲ. ಈ ಚಕ್ರವನ್ನು ಮೊದಲು ಎತ್ತಿಹೇಳಿದವರಲ್ಲಿ ಒಬ್ಬನಾದ ಜೇಮ್ಸ್ ಕ್ರಾಲನು ಗ್ಲಾಸ್ಗೋ ನಗರದ ಒಂದು ವಿದ್ಯಾಲಯದಲ್ಲಿ ಕಾವಲಿನ ಕೆಲಸದಲ್ಲಿದ್ದುಕೊಂಡು ಅಲ್ಲಿಯ ಪುಸ್ತಕಗಳನ್ನೋದಿ ಪಂಡಿತನಾದವನು; ಹಿಮಯುಗಗಳನ್ನು ಕುರಿತ ಅವನ ಗ್ರಂಥ 1875ರಲ್ಲಿ ಅಚ್ಚಾಯಿತು. 1969ರಲ್ಲಿ ರಷ್ಯದ ಬುಡಿಕೊ, ಅಮೆರಿಕದ ಸೆಲ್ಲರ್ಸ್ ಎಂಬಿಬ್ಬರು ಪ್ರತ್ಯೇಕವಾಗಿ ಇದನ್ನು ಗಣಿತಕ್ಕೆ ಅಳವಡಿಸಿದರು. 1979ರಿಂದೀಚೆಗೆ ಉತ್ತರಧ್ರುವಪ್ರದೇಶವು ಲೋಕದ ಸರಾಸರಿಗಿಂತ ಮೂರು ನಾಲ್ಕು ಪಟ್ಟು ವೇಗವಾಗಿ ಕಾದಿದೆ. ಇದಕ್ಕೆ ಪ್ರತಿಫಲನಾಂಕದ ಇಳಿತ ಒಂದೇ ಕಾರಣವಲ್ಲ, ಮುಖ್ಯಕಾರಣಗಳಲ್ಲೊಂದು. ಅಲ್ಲಿಯ ಕಡಲಿನ ಮಂಜುಗಡ್ಡೆಯು 2012ರ ಸೆಪ್ಟೆಂಬರಿನಲ್ಲಿ 34 ಲಕ್ಷ ಚದರ ಕಿಲೋಮೀಟರಿಗೆ ಇಳಿದಿತ್ತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕೆಲವು ದಿನ ಗ್ರೀನ್‌ಲೆಂಡಿನ ಮಂಜಿನ ಹೊದಿಕೆಯ ಮೇಲ್ಮೈ, ನೂರಕ್ಕೆ 97 ಪಾಲಿನಷ್ಟು ಕಡೆಗಳಲ್ಲಿ, ಕರಗುವ ಸ್ಥಿತಿಗೆ ಬಂದಿತ್ತು.

ಹಿಮವನ್ನು ಕಣ್ಣಾರೆ ಕಾಣದೆಯೇ ವರ್ಣಿಸಿದ ದಾಕ್ಷಿಣಾತ್ಯ ಕವಿಗಳ ಸಾಲಿಗೆ ನಾನೂ ಸೇರಿದವನಾದುದರಿಂದ, ನಮಗೆ ಇದರ ಗೊಡವೆಯೇನೆಂದು ಕೇಳುವವರಿಗೆ ಉತ್ತರ ಹೇಳುವ ಹೊಣೆ ನನ್ನ ಮೇಲಿದೆ. ಕಾವೇರಿ ಕೃಷ್ಣೆಗಳಿಗೆ ಹಿಮದ ನೀರಿಲ್ಲ. ಅವು ಮುಂಗಾರನ್ನು ನಂಬಿದ ನದಿಗಳು. ಆದರೆ ಮುಂಗಾರು ಯಾವುದನ್ನು ನಂಬಿದೆ? ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. 1876–78ರ ಆ ಕ್ಷಾಮದ ತರುವಾಯ ಮಳೆಯನ್ನು ಮುಂಚಿತವಾಗಿ ಹೇಳಲಾದೀತೇ ಎಂಬ ಪ್ರಶ್ನೆ ಸರಕಾರವನ್ನು ಬಾಧಿಸಿತು. 1875ರಲ್ಲಿ ಹುಟ್ಟಿದ ಭಾರತೀಯ ಹವಾಶಾಖೆಯ ಮೊದಲ ಮುಖ್ಯಸ್ಥನಾದ ಹೆನ್ರಿ ಬ್ಲ್ಯಾನ್‌ಫರ್ಡನು ಹಿಮಾಲಯದ ಹಿಮಪಾತಕ್ಕೂ ಬಯಲಿನ ಒಣಗಾಳಿಗೂ ಬರಕ್ಕೂ ಸಂಬಂಧವಿದೆಯೆಂದು 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರತಿಪಾದಿಸಿದನು: ಹಿಮ ಅತಿಯಾಗಿ, ತಡವಾಗಿ ಬಿದ್ದ ವರ್ಷ ಮಳೆ ಕಡಮೆ. ಉಪಗ್ರಹವಿಲ್ಲ, ವಿಕಿರಣಮಾಪಕವಿಲ್ಲ, ಬೆಟ್ಟದ ಕಡೆಯಿಂದ ಬಂದ ವರದಿಗಳೇ ಆಧಾರ. 1886ರಿಂದ ಹೊರಡತೊಡಗಿದ ಮುಂಗಾರಿನ ಮುನ್ಸೂಚನೆಗಳಿಗೆ ಈ ಹಿಮವೇ ಬುನಾದಿ.

ಯುಕ್ತಿಯೇನೋ ಸರಿಯಾಗಿದೆ. ಬೇಸಗೆಯಲ್ಲಿ ಏಷ್ಯದ ನೆಲವು ಕಾದು, ಕಡಲಿಗೂ ನೆಲಕ್ಕೂ ಉಷ್ಣಮಾನದ ಅಂತರ ಬೆಳೆದರೆ ಮುಂಗಾರಿಗೆ ಬಲ. ಹಿಮ ಹೆಚ್ಚಿದ್ದರೆ ಬಿಸಿಲು ಹಿಂದಿರುಗಿಹೋಗುತ್ತದೆ. ಉಳಿದುದು ಹಿಮವನ್ನು ಕರಗಿಸುವುದರಲ್ಲಿ ವ್ಯಯವಾಗುತ್ತದೆ. ಅನಂತರ ಒದ್ದೆ ನೆಲವನ್ನು ಒಣಗಿಸುವುದರಲ್ಲಿ ಇನ್ನಷ್ಟು. ನೆಲ ಕಾಯುವುದು ತಡವಾಗುತ್ತದೆ. 1976ರಲ್ಲಿ ಹಾನ್ ಮತ್ತು ಶುಕ್ಲ ಎಂಬವರು ಉಪಗ್ರಹದ ಚಿತ್ರಗಳನ್ನು ಆಧರಿಸಿ ಯುರೇಷ್ಯದ ಹಿಮಕ್ಕೂ ಭಾರತದ ಮಳೆಗೂ ವಿಲೋಮಸಂಬಂಧ ತೋರುತ್ತದೆಂದು ಬರೆದಾಗ ಬ್ಲ್ಯಾನ್‌ಫರ್ಡನ ಪಕ್ಷಕ್ಕೆ ಮರುಹುಟ್ಟು ಬಂದಂತಾಯಿತು. ಅವರು ತಮ್ಮ ಪ್ರಬಂಧದ ತಲೆಬರಹದಲ್ಲಿಯೇ ‘ತೋರಿಕೆಯ ಸಂಬಂಧ’ವೆಂಬರ್ಥದ ಮಾತನ್ನಿಟ್ಟಿದ್ದರು; ಆ ಎಚ್ಚರಿಕೆ ಮೆಚ್ಚತಕ್ಕದ್ದು. ಅನಂತರದ ದಶಕಗಳಲ್ಲಿ ಆ ಸಂಬಂಧ ಒಂದೇ ಬಲದಿಂದ ನಿಲ್ಲಲಿಲ್ಲ. ಶಾಂತಸಾಗರದ ಎಲ್ ನಿನ್ಯೊ ಮೊದಲಾದ ಬೇರೆ ಕಾರಣಗಳು ನಡುವೆ ಬಂದು ವ್ಯಭಿಚಾರವನ್ನು ತೋರಿಸಿದುವು. ವ್ಯಾಪ್ತಿ ಸಿದ್ಧಿಸಲಿಲ್ಲವೆಂದ ಮಾತ್ರಕ್ಕೆ ಹೇತುವೇ ಇಲ್ಲವೆಂದಾಗದು. ಅದು ಸೋಪಾಧಿಕವಾದ ಹೇತು. ಉಪಾಧಿ ಯಾವುದೆಂದು ಹುಡುಕಬೇಕಾದರೆ ಹಿಮ ಎಷ್ಟು ಹರಡಿದೆಯೆಂಬುದೊಂದೇ ಸಾಲದು. ಅದು ಎಷ್ಟು ಆಳವಿದೆ, ಎಷ್ಟು ಹಳತು, ಎಷ್ಟು ಮಸಿ ಬೆರೆತಿದೆ ಎಂಬುದೂ ಬೇಕು. ಇಳಿಜಾರಿನ ಮೇಲೆ, ಗಾಜಿಗೆ ಹಿಮ ಕಟ್ಟುವ ಚಳಿಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ಆ ಎರಡು ಬಿಲ್ಲೆಗಳು ಹಿಮಾಲಯದ ಎತ್ತರದ ಪ್ರದೇಶದಲ್ಲಿ ಇಂದಿಗೂ ಬೆರಳೆಣಿಕೆಯಷ್ಟು ಕಡೆಗಳಲ್ಲಿ ಮಾತ್ರ ಇವೆ.